ಜೇಜುರಿಯ ಬೋಳುಗುಡ್ಡದ ಮೇಲೆ ಎರಡು ದಾಳಿ

ಕಾಲೇಜಿನ ಮೈದಾನದಿಂದ ನಾವು ಹೊರಟಾಗ ಪುಣೆಯ ಮೇಲೆ ಇನ್ನೂ ಮಂಜು ಹಾಸಿತ್ತು. ಸಂಕ್ರಾಂತಿ ಮುಗಿದ ವಾರ. ಉಸಿರು ಬಿಟ್ಟರೆ ಬಾಯಿಂದ ಹೊಗೆ ಬರುವಂಥ ಚಳಿ. ಮುಂದೆ ಬ್ಯಾಂಡು, ಹಿಂದೆ ನಾಲ್ಕು ಕಾಲೇಜುಗಳ ಹುಡುಗರು. ಹೆಗಲ ಮೇಲೆ ರೈಫಲ್ಲು, ಬೆನ್ನ ಮೇಲೆ ಕಂಬಳಿ. ಮೂರು ದಿನಗಳಲ್ಲಿ ಸಾಸವಡದ ಮೇಲಿಂದ ಜೇಜುರಿಗೆ ನಡೆದು ಹೋಗಿ, ಅಲ್ಲೊಂದು ಅಣಕು ಕಾಳಗ ಮುಗಿಸಿ, ರೈಲಿನಲ್ಲಿ ಹಿಂದಿರುಗುವುದು ನಮ್ಮ ಕಾರ್ಯಕ್ರಮ.

ನಾನು ಬಾಗಲಕೋಟೆಯ ಕಡೆಯವನು. ಪುಣೆಯಲ್ಲಿ ಬಿ.ಎ. ಎರಡನೆಯ ವರ್ಷ. ವಾಸ ರವಿವಾರ ಪೇಠೆಯಲ್ಲಿ, ಅರಿವೆ ಅಂಗಡಿಯೊಂದರ ಗುಮಾಸ್ತರಾದ ಕಾಕಾನ ಮನೆಯಲ್ಲಿ. ಬೆಳಿಗ್ಗೆ ಕವಾಯತು, ಆಮೇಲೆ ಇತಿಹಾಸದ ಪಾಠ. ನಮ್ಮದು ಕಾಲೇಜು ಹುಡುಗರನ್ನು ಓದುತ್ತಿರುವಾಗಲೇ ಸೈನ್ಯದ ಅಧಿಕಾರಿಯಾಗಲು ತಯಾರು ಮಾಡುವ ದಳ. ಮಹಾಯುದ್ಧ ಮುಗಿದು ಇದು ಎರಡನೆಯ ಚಳಿಗಾಲ. ಬಿಳಿಯರು ಹೊರಡುತ್ತಾರೆಂಬ ಮಾತು ಚಹದಂಗಡಿಗಳಲ್ಲೂ ಕೇಳುತ್ತಿತ್ತು. ಅವರು ಹೋದ ಮೇಲೆ ಈ ಸೈನ್ಯವನ್ನು ನಡೆಸುವವರು ಯಾರು? ನಾವೇ! ಈ ವಿಚಾರ ಬಂದರೆ ಸಾಕು, ಬೂಟು ತಾನಾಗಿ ಜೋರಾಗಿ ನೆಲಕ್ಕೆ ಬೀಳುತ್ತಿತ್ತು. ಈ ಸಲ ಇನ್ನೂ ಒಂದು ಕಾರಣವಿತ್ತು. ಅಧಿಕಾರಿಗಳನ್ನು ಆರಿಸುವ ಮಂಡಳಿಯ ಮುಂದೆ ಹೋಗಲು ಪ್ರತಿ ತುಕಡಿಯಿಂದ ಒಬ್ಬನ ಹೆಸರನ್ನು ಜೇಜುರಿಯ ಕಾಳಗ ನೋಡಿಯೇ ಕಳಿಸುವುದೆಂದು ತೀರ್ಮಾನವಾಗಿತ್ತು.

ಪೇಠೆಯ ತಿರುವಿನಲ್ಲಿ ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಸಾಲಿನಲ್ಲಿ ನಡೆಯುವವನು ತಲೆ ತಿರುಗಿಸಬಾರದು. ಅವರಿಗೆ ಅದೆಲ್ಲ ಎಲ್ಲಿ ಗೊತ್ತು!

"ಏ ಬಸೂ! ಕಾಲಿಗೆ ಎಣ್ಣಿ ಹಚ್ಚಿಕೊಂಡೀ ಇಲ್ಲೋ? ನಿಮ್ಮ ಚಿಗವ್ವ ಸಜ್ಜಿ ರೊಟ್ಟಿ ಕಟ್ಟ್ಯಾಳ, ಒಬ್ಬನ ತಿನಬ್ಯಾಡಪಾ!" ಎಂದು ಕೂಗಿಯೇಬಿಟ್ಟರು.

ಕನ್ನಡ ತಿಳಿಯದಿದ್ದರೂ ಇಡೀ ಸಾಲು ನಕ್ಕಿತು. ನನ್ನ ಪಕ್ಕದಲ್ಲಿದ್ದ ವಾಗಳೆ ತುಟಿ ಅಲುಗಿಸದೆ, "ರೊಟ್ಟಿಯ ವಿಷಯ ತಾನೆ?" ಎಂದು ಮರಾಠಿಯಲ್ಲಿ ಕೇಳಿದ. ವಾಗಳೆ ಸದಾಶಿವ ಪೇಠೆಯ ವಕೀಲರ ಮಗ, ನನ್ನ ತರಗತಿಯವನೇ. ತಿನ್ನುವ ವಿಷಯದಲ್ಲಿ ಅವನಿಗೆ ಎಲ್ಲ ಭಾಷೆಗಳೂ ಬರುತ್ತಿದ್ದವು.

ಹಡಪಸರ ದಾಟಿದ ಮೇಲೆ ಬಿಸಿಲು ಏರಿತು. ದಿವೆ ಘಾಟಿನ ಬುಡದಲ್ಲಿ ಬ್ಯಾಂಡು ಲಾರಿ ಹತ್ತಿ ಹೋಯಿತು, ನಾವು ಉಳಿದೆವು. ರಸ್ತೆ ಗುಡ್ಡಕ್ಕೆ ಸುತ್ತು ಹಾಕುತ್ತ ಏರುತ್ತದೆ. ಒಂದು ತಿರುವು ಮುಗಿಯಿತೆನ್ನುವಷ್ಟರಲ್ಲಿ ತಲೆಯ ಮೇಲೆ ಇನ್ನೊಂದು. ಹವಾಲ್ದಾರರು ಹಿಂದಿನಿಂದ "ಚಲಾ, ಚಲಾ!" ಎಂದು ಅಟ್ಟುತ್ತಿದ್ದರು. ತುದಿ ಮುಟ್ಟಿ ಹಿಂದಿರುಗಿ ನೋಡಿದರೆ ಕೆಳಗೆ ಕೆರೆಯೊಂದು ಹೊಳೆಯುತ್ತಿತ್ತು. ಅದರಾಚೆ ಹೊಲಗಳು, ಹೊಲಗಳಾಚೆ ಹೊಗೆಯ ಕೆಳಗೆ ಪುಣೆ. ಅಷ್ಟು ದೂರವನ್ನು ನನ್ನ ಕಾಲೇ ನಡೆದದ್ದೆಂದು ನಂಬಿಕೆ ಬರಲಿಲ್ಲ. ಅಲ್ಲೇ ಕುಳಿತು ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ನನ್ನ ಪಾಲಿಗೆ ಬಂದದ್ದು ಒಂದೂವರೆ ರೊಟ್ಟಿ.

ಸುಮಾರು ಇಪ್ಪತ್ತು ಮೈಲು ನಡೆದು ಸಂಜೆ ಸಾಸವಡ ಸೇರಿದೆವು. ಕರ್ಹಾ ನದಿಯ ದಂಡೆಯ ಮೇಲೆ ಡೇರೆಗಳು. ಎಲ್ಲರೂ ಬೂಟು ಬಿಚ್ಚಿ ತಣ್ಣೀರಿನಲ್ಲಿ ಕಾಲು ಇಳಿಬಿಟ್ಟು ಎಮ್ಮೆಗಳಂತೆ ಕುಳಿತೆವು. ಸಾಸವಡದ ಅಂಜೂರ ಹೆಸರಾದದ್ದು. ಆಣೆಗೆ ಎಲೆ ತುಂಬ ಕೊಟ್ಟರು, ಜೇನಿನ ಹಾಗಿತ್ತು.

ಅಂಜೂರದ ಎಲೆ ಕೈಯಲ್ಲಿರುವಾಗಲೇ ಕ್ಯಾಪ್ಟನ್ ಘಾಟಗೆ ನಮ್ಮ ಡೇರೆಯ ಮುಂದೆ ಬಂದು ನಿಂತರು. ಬರ್ಮಾದಲ್ಲಿ ಕಾದಾಡಿ ಬಂದವರು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಮಾತು ಕಡಿಮೆ. ಹಂಚಿನಾಳ ಎಂಬ ನನ್ನ ಮನೆತನದ ಹೆಸರಿಗೆ ದಳದವರೆಲ್ಲರ ಹಾಗೆ ಅವರೂ ಒಂದು ಮರಾಠಿ ಬಾಲ ಸೇರಿಸಿದ್ದರು.

"ಹಂಚಿನಾಳಕರ, ನಾಡಿದ್ದು ನಿಮ್ಮ ತುಕಡಿಯ ನಾಯಕ ನೀನು. ಗುಡ್ಡ ಹಿಡಿಯಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಡೇರೆಗೆ ನಡೆದರು.

ವಾಗಳೆ ನನ್ನ ಬೆನ್ನಿಗೆ ಗುದ್ದಿದ. ಅಲ್ಲಿಯತನಕ ನಾನು ಸಾಲಿನಲ್ಲಿ ಒಬ್ಬನಾಗಿ ನಡೆದವನು. ಮೂವತ್ತು ಜನರಿಗೆ ಅಪ್ಪಣೆ ಕೊಡುವವನ ಗಂಟಲು ಹೇಗಿರಬೇಕು?

ಮರುದಿನದ ಹನ್ನೊಂದು ಮೈಲು ಗಾಳಿಯ ಮೇಲೆ ಹೋದಂತೆ ಹೋಯಿತು. ಬೊಬ್ಬೆ ಎದ್ದ ಹಿಮ್ಮಡಿಯ ನೆನಪೂ ಆಗಲಿಲ್ಲ. ನಮ್ಮ ಕಡೆಯವರು ಮಲ್ಲಯ್ಯನೆಂದು ಕರೆಯುವ ಜೇಜುರಿಯ ದೇವರ ಗುಡ್ಡ ದೂರದಿಂದಲೇ ಕಂಡಿತು. ಮೆಟ್ಟಿಲುಗಳು, ಕಮಾನುಗಳು, ಕಲ್ಲಿನ ದೀಪಸ್ತಂಭಗಳು. ಭಕ್ತರು ಎರಚುವ ಭಂಡಾರದ ಅರಿಸಿನದಿಂದ ಇಡೀ ಗುಡ್ಡಕ್ಕೇ ಹಳದಿ ಬಳಿದಂತಿತ್ತು. ನಾವು ಹಿಡಿಯಬೇಕಾದ ಗುಡ್ಡ ಅದಲ್ಲ, ಊರಾಚೆಯ ಒಂದು ಬೋಳುಗುಡ್ಡ. ಸಂಜೆ ವಾಗಳೆಯನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಎದುರಿಗೆ ಒಣಗಿದ ಹಳ್ಳ, ಅದರ ಅಂಚಿಗೇ ಒಂದು ಬಂಡಿದಾರಿ, ಹಿಂಬದಿಗೆ ಕಳ್ಳಿಯ ಪೊದೆ. ಹಳ್ಳದೊಳಗಿಂದ ತೆವಳಿ ನೇರವಾಗಿ ಏರುವುದೆಂದು ನಿಶ್ಚಯಿಸಿದೆ.

ಬೆಳಿಗ್ಗೆ ಕಾಳಗ ಶುರುವಾಯಿತು. ಗುಂಡಿಲ್ಲದ ತೋಟಾಗಳಾದರೂ ಸದ್ದು ನಿಜವಾದದ್ದೇ. ಮೇಲೆ ಇನ್ನೊಂದು ಕಾಲೇಜಿನವರು ಕಾವಲಿದ್ದರು. ಹಳ್ಳದ ಮರಳಿನಲ್ಲಿ ಎದೆ ಉಜ್ಜುತ್ತ ಸರಿದೆವು. ಅರ್ಧ ಗುಡ್ಡ ಏರಿದೆವು! ಇನ್ನೊಂದು ಓಟ ಓಡಿದರೆ ತುದಿ. ಸೀಟಿ ಬಾಯಿಗಿಟ್ಟೆ. ಆಗ ಮೇಲಿನವರು ದೊಡ್ಡ ಸದ್ದಿನ ಪಟಾಕಿಯೊಂದನ್ನು ಕೆಳಗೆ ಎಸೆದರು. ಅದು ನಮ್ಮ ತಲೆ ದಾಟಿ ಬಂಡಿದಾರಿಯ ಪಕ್ಕದಲ್ಲಿ ಸಿಡಿಯಿತು. ಅದೇ ಹೊತ್ತಿಗೆ ಅಲ್ಲಿ ಯಾತ್ರೆಯವರ ಚಕ್ಕಡಿಯೊಂದು ಬರುತ್ತಿತ್ತು.

ಎತ್ತುಗಳು ಬೆದರಿ ಓಟ ಕಿತ್ತವು. ಹೊಡೆಯುತ್ತಿದ್ದವನು ಕೆಳಗೆ ಬಿದ್ದ. ಒಳಗಿನಿಂದ ಹೆಂಗಸರ ಕಿರುಚಾಟ. ಚಕ್ಕಡಿ ನೇರವಾಗಿ ಹಳ್ಳದ ಕಡೆಗೆ ಓಡುತ್ತಿತ್ತು. ನಾನು ಯೋಚಿಸಲೇ ಇಲ್ಲ. "ಎಲ್ಲರೂ ಕೆಳಗೆ!" ಎಂದು ಕೂಗಿ ಓಡಿದೆ. ಮೂವತ್ತೂ ಜನ ನನ್ನ ಹಿಂದೆ ದಡದಡನೆ ಇಳಿದರು. ಹಳ್ಳದ ಅಂಚಿನಲ್ಲಿ ಎತ್ತಿನ ಮೂಗುದಾರ ಕೈಗೆ ಸಿಕ್ಕಿತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು, ಅಷ್ಟು ನನಗೆ ಬರುತ್ತಿತ್ತು. ವಾಗಳೆ ನೊಗಕ್ಕೆ ಜೋತುಬಿದ್ದ. ಉಳಿದವರು ಗಾಲಿ ಹಿಡಿದರು. ಚಕ್ಕಡಿ ವಾಲಿ, ನಿಂತಿತು.

ಒಳಗಿನಿಂದ ಮೊದಲು ಬಂದದ್ದು ಒಬ್ಬ ಮುದುಕಿಯ ಬೈಗುಳ, ಅದೂ ಅಚ್ಚ ಕನ್ನಡದಲ್ಲಿ.

"ನಿಮ್ಮ ಬಂದೂಕಿನ ಮನಿ ಹಾಳಾಗ! ದೇವರ ಹಾದ್ಯಾಗ ಇದೇನು ನಿಮ್ಮ ದಾಂಧಲಿ? ಬಾಣಂತಿ ಕುಂತಾಳ ಒಳಗ!"

"ತಪ್ಪಾತು ಯವ್ವಾ. ಯಾರಿಗೂ ಪೆಟ್ಟಾಗಿಲ್ಲಲ್ಲಾ?" ಎಂದೆ.

ಮುದುಕಿ ಬೈಯುವುದನ್ನು ನಿಲ್ಲಿಸಿ ನನ್ನನ್ನು ಬೂಟಿನಿಂದ ಟೊಪ್ಪಿಗೆಯತನಕ ನೋಡಿದಳು.

"ಯಪ್ಪಾ, ಕನ್ನಡದಾವ ಇದ್ದೀ ಏನು? ಯಾವೂರು?"

"ಬಾಗಲಕೋಟಿ ಕಡೀದವ. ಪುಣೇದಾಗ ಓದತೀನಿ."

"ನಾವು ಅಥಣಿ ಕಡೀದವರು. ಓದಾಕ ಬಂದವ ಬಂದೂಕ ಯಾಕ ಹಿಡದೀ? ಯಾರ ಮ್ಯಾಲ ಹೊಡ್ಯಾಕತ್ತಿದ್ರಿ?"

"ನಮ್ಮವರ ಮ್ಯಾಲ. ಸುಳ್ಳ ಸುಳ್ಳ, ಕಲಿಯೂ ಸಲುವಾಗಿ."

ಮುದುಕಿಗೆ ನಗು ಬಂತು. ಒಳಗೆ ಸೊಸೆಯ ಮಡಿಲಲ್ಲಿ ಕೂಸು ಆಗಲೇ ಅಳು ಮರೆತು ವಾಗಳೆಯ ಗುಂಡಿಗಳನ್ನು ನೋಡುತ್ತಿತ್ತು. ಕೆಳಗೆ ಬಿದ್ದಿದ್ದ ಮಗ ಮೊಣಕೈ ಒರೆಸುತ್ತ ಬಂದ. ಮುದುಕಿ ಚೀಲದಿಂದ ಭಂಡಾರ ತೆಗೆದು ನನ್ನ ಹಣೆಗೆ ಬಳಿದಳು. "ಖರೇ ಗುಂಡು ಹೊಡ್ಯೂ ದಿನಾ ನಿನಗ ಬರದ ಇರಲಿ. ಬಂದರ ಮಲ್ಲಯ್ಯ ಕಾಯಲಿ" ಎಂದಳು. ಉಳಿದದ್ದನ್ನು ಎಲ್ಲರ ಮೇಲೂ ಎರಚಿದಳು.

ಹಳದಿಯಾಗಿ ಹಿಂದಿರುಗುವಷ್ಟರಲ್ಲಿ ಮೇಲಿನವರು ಕೆಳಗಿಳಿದು ನಾವು ಬಿಟ್ಟ ಜಾಗವನ್ನೆಲ್ಲ ಹಿಡಿದಿದ್ದರು. ನಮ್ಮ ತುಕಡಿ ಸತ್ತಂತೆಯೇ ಎಂದು ತೀರ್ಪಾಯಿತು.

ಕ್ಯಾಪ್ಟನ್ ಘಾಟಗೆ ಬೇವಿನ ಮರದಡಿ ಎಲ್ಲರ ಎದುರಿಗೇ ನನ್ನನ್ನು ನಿಲ್ಲಿಸಿದರು.

"ದಾಳಿ ನಿಲ್ಲಿಸಿದೆ. ಸರಿ. ಎರಡು ಎತ್ತು ಹಿಡಿಯಲು ಎಷ್ಟು ಜನ ಬೇಕು?"

"ನಾಲ್ವರು, ಸರ್."

"ಎಷ್ಟು ಜನರನ್ನು ಕರೆದುಕೊಂಡು ಹೋದೆ?"

ನಾನು ತಲೆ ತಗ್ಗಿಸಿದೆ. "ಎಲ್ಲರನ್ನೂ, ಸರ್."

"ಎತ್ತಿನ ಹಿಂದೆ ಓಡಿದವನು ಒಳ್ಳೆಯ ಮನುಷ್ಯ. ನನಗೆ ಒಳ್ಳೆಯ ಅಧಿಕಾರಿಯೂ ಬೇಕು. ಓಡುವಾಗಲೂ ಬೆನ್ನ ಹಿಂದೆ ಜಾಗ ಕಾಯಲು ಯಾರನ್ನು ಬಿಟ್ಟೆ ಎಂದು ಅವನಿಗೆ ಗೊತ್ತಿರಬೇಕು." ಗಡಿಯಾರ ನೋಡಿದರು. "ಸಂಜೆ ರೈಲಿದೆ. ಅದಕ್ಕೂ ಮೊದಲು ಆ ಗುಡ್ಡ ನನಗೆ ಬೇಕು."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ವಾಗಳೆಗೆ ಆಯಿತು. ಅವನು ಆಗಲೇ ಬೂಟಿನ ಲಾಡಿ ಬಿಗಿಯುತ್ತಿದ್ದ.

ಎದುರಿನವರು ಮತ್ತೆ ಗುಡ್ಡ ಹತ್ತಿ ಕಾವಲು ನಿಂತರು. ಈ ಸಲ ಮೊದಲು ಬಂಡಿದಾರಿಯ ಎರಡೂ ತುದಿಗೆ ಇಬ್ಬಿಬ್ಬರನ್ನು ಕೆಂಪು ಬಟ್ಟೆ ಕೊಟ್ಟು ನಿಲ್ಲಿಸಿದೆ. ವಾಗಳೆ ಹತ್ತು ಜನರೊಂದಿಗೆ ಹಳ್ಳದಲ್ಲಿ ಉಳಿದು ಊರೇ ಎದ್ದು ಬಂದಂತೆ ಗದ್ದಲ ಹಾಕಿದ. ಉಳಿದವರನ್ನು ನಾನು ಹಿಂಬದಿಯ ಕಳ್ಳಿಯ ಸಂದಿಯಿಂದ ಕರೆದೊಯ್ದೆ. ಮುಳ್ಳು ಅಂಗಿಯನ್ನೂ ಬಿಡಲಿಲ್ಲ, ಮೈಯನ್ನೂ ಬಿಡಲಿಲ್ಲ. ಮೊಣಕಾಲು ಕಲ್ಲಿಗೆ ತಾಗಿ ರಕ್ತ ಬಂತು. ಮೇಲಿನವರೆಲ್ಲ ಹಳ್ಳದತ್ತ ಮುಖ ಮಾಡಿದ್ದರು. ಅವರ ಬೆನ್ನ ಹಿಂದೆ ಸೀಟಿ ಊದಿ, ಗಂಟಲು ಹರಿಯುವಂತೆ ಕೂಗುತ್ತ ನುಗ್ಗಿದೆವು. ಎದುರು ತುಕಡಿಯ ನಾಯಕ, ಉದ್ದನೆಯ ಹುಡುಗ, ತಿರುಗಿ ನೋಡಿ ಬಾಯಿ ತೆರೆದ. ಆಮೇಲೆ ರೈಫಲ್ಲು ಕೆಳಗಿಟ್ಟು, ನಗುತ್ತ ತನ್ನ ನೀರಿನ ಬಾಟಲಿಯನ್ನು ನನ್ನ ಕೈಗಿತ್ತ. ಗುಡ್ಡ ನಮ್ಮದು! ಆ ತುದಿಯಿಂದ ಕರ್ಹಾ ಬಯಲು, ಪುರಂದರದ ಕೋಟೆ, ಹಳದಿಯ ದೇವಸ್ಥಾನ ಎಲ್ಲವೂ ಒಟ್ಟಿಗೆ ಕಂಡವು.

ಜೇಜುರಿ ಸ್ಟೇಷನ್ನಿನಲ್ಲಿ ಮೂರನೆಯ ದರ್ಜೆಯ ಡಬ್ಬಿ ಹತ್ತುವಾಗ ಕ್ಯಾಪ್ಟನ್ ಘಾಟಗೆ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ಹೆಸರು ಕಳಿಸುತ್ತಿದ್ದೇನೆ. ಮಂಡಳಿಯವರು ಆರಿಸುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು" ಎಂದರು. ನಾನು ಸೆಲ್ಯೂಟ್ ಹೊಡೆದೆ. ಘಾಟು ಇಳಿಯುವ ರೈಲಿನಲ್ಲಿ ಹುಡುಗರು ಕಿಟಕಿಗೆ ಒರಗಿ ನಿದ್ದೆ ಹೋದರು, ನಾನು ಮಾತ್ರ ಕಣ್ಣು ಮುಚ್ಚಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಮಂಡಳಿಯ ಕರೆ ಬಂದಿಲ್ಲ. ಈಗ ಪ್ರತಿ ಟಪಾಲಿಗೂ ಬಾಗಿಲಿಗೆ ಓಡುತ್ತೇನೆ.

ಆ ರಾತ್ರಿ ನಾವು ಇಳಿದಾಗ ಪುಣೆ ಸ್ಟೇಷನ್ನಿನ ಅಂಗಳದಲ್ಲಿ ದೀಪಗಳು ಹತ್ತಿದ್ದವು. ಟಾಂಗಾದವರು, ಕೂಲಿಗಳು, ಮುಂಬಯಿ ಗಾಡಿಗೆ ಬಂದ ಸಂಸಾರಗಳು. ನಮ್ಮ ತುಕಡಿ ಸಾಲಾಗಿ ನಿಂತಿತು, ಹರಿದ ಅಂಗಿ, ಅರಿಸಿನದ ಮುಖ. "ಕಾಲೇಜಿನತನಕ ನೀನೇ ನಡೆಸಿಕೊಂಡು ಹೋಗು" ಎಂದರು ಕ್ಯಾಪ್ಟನ್. ನಾನು ಮುಂದೆ ಹೋಗಿ ನಿಂತು, ಎದೆ ತುಂಬ ಉಸಿರೆಳೆದು ಅಪ್ಪಣೆ ಕೊಟ್ಟೆ. ಗುಡ್ಡದ ಮೇಲೆ ಕೂಗಿ ಕೂಗಿ ಒಡೆದಿದ್ದ ಗಂಟಲಿನಿಂದ ಬಂದದ್ದು ಕೋಳಿಮರಿಯ ಚಿಂವ್ ಎನ್ನುವಷ್ಟು ದನಿ. ಪಕ್ಕದ ಟಾಂಗಾದವನಿಗೂ ಅದು ಕೇಳಿಸಿರಲಿಕ್ಕಿಲ್ಲ.

ಆದರೂ ಮೂವತ್ತೂ ಜನರ ಎಡಗಾಲು ಒಟ್ಟಿಗೇ ಎದ್ದು ನೆಲಕ್ಕೆ ಬಿದ್ದಿತು.