ಒಳಗಿನವರ ಹಾಡು

ಫಾದರ್ ಫಿದೆನ್ಸಿಯೊ ಎಂದರೆ ತೊನಾಲಾ ಊರಿಗೆಲ್ಲ ಹೆಮ್ಮೆ. ಊರು ಬಿಟ್ಟು ಅಲೆಯುವವರಲ್ಲೇ ದೇವರನ್ನು ಹುಡುಕಬೇಕು ಎಂದು ಮೂರು ದಪ್ಪ ಪುಸ್ತಕ ಬರೆದವರು, ನಾಲ್ಕಾರು ದೇಶಗಳಲ್ಲಿ ಪಾಠ ಹೇಳಿ ಬಂದವರು. ಆ ಪುಸ್ತಕ ಓದಿದವರು ನಮ್ಮಲ್ಲಿ ಇಬ್ಬರೋ ಮೂವರೋ. ಹೊಗಳುವುದಕ್ಕೆ ಓದಲೇಬೇಕೆಂದೇನಿದೆ? ಹಾಗಂತ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಜಾತಿಯವರಲ್ಲ ಅವರು. ದೇಶ ಬಿಟ್ಟು ಬದುಕು ಹುಡುಕಿಕೊಂಡು ಹೆದ್ದಾರಿಯಲ್ಲಿ ಉತ್ತರದ ಗಡಿಯತ್ತ ನಡೆದು ಹೋಗುವವರಿಗೆ ವಾರಕ್ಕೆರಡು ದಿನ ಬೇಯಿಸಿದ ಕಾಳು, ಮೆಕ್ಕೆಜೋಳದ ರೊಟ್ಟಿ ಹಂಚುತ್ತಿದ್ದರು. ಪಕ್ಕದಲ್ಲಿ ಕೂತು ಅವರ ಕಷ್ಟ ಕೇಳಿ ಬರೆದುಕೊಳ್ಳುತ್ತಿದ್ದರು. ಅವರಿಗಿದ್ದ ಒಂದೇ ಚಪಲವೆಂದರೆ ಹಾಡು. ಅರವತ್ತೆರಡರಲ್ಲೂ ಕಂಚಿನ ಕಂಠ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆ ನಮ್ಮಲ್ಲಿ ಪೊಸಾದ. ಬಸುರಿ ಮರಿಯಳನ್ನು ಕರೆದುಕೊಂಡು ಜೋಸೆಫ್ ತಂಗಲು ಜಾಗ ಕೇಳಿದ್ದನ್ನು ಆಡಿ ತೋರಿಸುವುದು. ಬೀದಿಯಲ್ಲಿ ನಿಂತ ಗುಂಪು ಬಾಗಿಲು ಬಡಿದು, ಜಾಗ ಕೊಡಿ ಎಂದು ಹಾಡುತ್ತದೆ. ಒಳಗಿನ ಗುಂಪು, ಆಗುವುದಿಲ್ಲ ಹೋಗಿ ಎಂದು ಹಾಡಿನಲ್ಲೇ ಗದರಿಸಿ ಅಟ್ಟುತ್ತದೆ. ಕೊನೆಗೆ ಬಾಗಿಲು ತೆಗೆದು ಎಲ್ಲರಿಗೂ ಊಟ. ಆ ವರ್ಷ ಐದನೆಯ ಸಂಜೆಯ ಸರದಿ ರೆಮೆದಿಯೋಸಮ್ಮನ ಮನೆಯದು. ಒಳಗಿನವರ ಮುಂದಾಳು ಫಾದರ್.

ಮೆರವಣಿಗೆ ತಡವಾಯಿತು. ಕಾಯ್ದು ಕಾಯ್ದು ಬೇಸರ ಬಂದಿರುವಾಗ ಬಾಗಿಲು ಬಡಿದ ಸದ್ದಾಯಿತು. ಹಾಡು ಮಾತ್ರ ಇಲ್ಲ. ನಡೆದು ಗಂಟಲು ಒಣಗಿರಬೇಕು ಎಂದು ನಗುತ್ತ ಫಾದರೇ ಅಟ್ಟುವ ಪದ ಶುರು ಹಚ್ಚಿಕೊಂಡರು, ಇಪ್ಪತ್ತು ಜನ ದನಿಗೂಡಿಸಿದರು. ಎರಡನೆಯ ಸಾಲಿನ ಹೊತ್ತಿಗೆ ಬಾಗಿಲಿನಾಚೆ ಹೆಂಗಸೊಬ್ಬಳ ದನಿ. ಮಗುವಿಗೆ ಜ್ವರ, ಒಂದು ರಾತ್ರಿ ಸಾಕು ಎನ್ನುತ್ತಿದ್ದಳು. ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಫಾದರ್‌ಗೆ ಮಾತ್ರ ಅದು ಕೇಳಿಸಿತು. ಅವರು ಹಾಡು ನಿಲ್ಲಿಸಿದರು, ಉಳಿದವರೂ ನಿಲ್ಲಿಸಿದರು.

"ಏನ್ ಫಾದರ್, ಪದ ಮರ್ತು ಹೋಯ್ತಾ? ವಯಸ್ಸಾಯ್ತು ಬಿಡಿ," ಎಂದು ರೆಮೆದಿಯೋಸಮ್ಮ ಕಿಚಾಯಿಸಿದಳು.

ಎಲ್ಲರೂ ನಕ್ಕರು. ಫಾದರ್‌ಗೆ ಚುರುಕ್ ಎಂದಿತು. ಯಾರೋ ನಾಟಕ ಆಡುತ್ತಿದ್ದಾರೆ ಎಂದು ತಮಗೆ ತಾವೇ ಹೇಳಿಕೊಂಡು, ಮೊದಲಿಗಿಂತ ಜೋರಾಗಿ ಹಾಡನ್ನು ಎತ್ತಿಕೊಂಡರು.

ಕಾಲು ಗಂಟೆ ಕಳೆದು ನಿಜವಾದ ಮೆರವಣಿಗೆ ಬಂತು. ಯಾರೋ ಹೈಟಿಯ ಹೆಂಗಸು ಎರಡು ಮಕ್ಕಳನ್ನು ಕಟ್ಟಿಕೊಂಡು ಈ ಮನೆಯ ಕಡೆಯಿಂದ ಹೋದಳಲ್ಲ ಎಂದರು ಬಂದವರು. ರೆಮೆದಿಯೋಸಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಮಗೇನು ಕನಸು ಬಿದ್ದಿತ್ತಾ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ನಾಲ್ಕು ಜನ ಹುಡುಕಲು ಹೋಗಿ ಬರಿಗೈಲಿ ಬಂದರು. ಫಾದರ್ ಹೋಗಲಿಲ್ಲ. ಸಿಕ್ಕರೆ ಅವಳ ಮುಖ ನೋಡಬೇಕಲ್ಲ! ತಟ್ಟೆ ಹಿಡಿದು ಕೂತರು, ಕೊಟ್ಟದ್ದನ್ನು ತಿಂದರು ಕೂಡ. ತಿನ್ನುತ್ತ ನಾಚಿಕೆಯಿಂದ ಹಿಡಿಯಷ್ಟಾದರು.

ಬೆಳಕು ಹರಿಯುತ್ತಲೇ ಅವರೊಬ್ಬರೇ ಹೊರಟರು. ಮಾರುಕಟ್ಟೆಯ ತಗಡಿನ ಮಾಡಿನ ಕೆಳಗೆ ಮಕ್ಕಳೊಂದಿಗೆ ಅವಳಿದ್ದಳು. ಹೆಸರು ಮಿರ್ಲಾಂದ್, ಚಿಲಿಯಲ್ಲಿ ಆರು ವರ್ಷ ದುಡಿದವಳು; ಅಲ್ಲೂ ಆಡುವುದು ನಮ್ಮ ಮಾತೇ ಆದ್ದರಿಂದ ಅವಳಿಗೆ ಅದು ಚೆನ್ನಾಗಿ ಬರುತ್ತಿತ್ತು. ಮಡಿಲಲ್ಲಿದ್ದ ಚಿಕ್ಕವಳ ಮೈ ಕೆಂಡ. ಅದು ಹಬ್ಬದ ಆಟ, ಬೇಕೆಂದು ಯಾರೂ ಅಟ್ಟಲಿಲ್ಲ ಎಂದು ಫಾದರ್ ತಡವರಿಸಿದರು.

"ಹಬ್ಬಾನಾ?" ಎಂದಳು ಅವಳು. "ಹಿಂದಿನ ಊರಲ್ಲಿ ನಾಯಿ ಬಿಟ್ಟಿದ್ರು. ಇಲ್ಲಿ ಹಾಡ್ತಾರೆ, ವಾಸಿ ಅಂದ್ಕೊಂಡೆ."

ಅಲ್ಲಿಗೇ ಬಿಟ್ಟಿದ್ದರೆ ಮುಗಿದಿತ್ತು. ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದರೆ ಊರು ಇನ್ನಷ್ಟು ಹೊಗಳುತ್ತಿತ್ತು. ಫಾದರ್ ತಲೆ ಎತ್ತಲಿಲ್ಲ.

"ಇಲ್ಲಮ್ಮ. ನೀವು ಅಂದದ್ದು ನಂಗೆ ಕೇಳಿಸಿತ್ತು."

ಮಿರ್ಲಾಂದ್ ಚಿಕ್ಕವಳನ್ನು ಅವರ ಕೈಗೆ ಕೊಟ್ಟು, ಎದ್ದು ಗಂಟನ್ನು ಹೆಗಲಿಗೇರಿಸಿದಳು.

"ಗೊತ್ತು ಫಾದರ್. ಹಾಡು ಒಂದ್ಸಲ ನಿಂತಿತ್ತಲ್ಲ. ಬಾಗಿಲು ತೆಗೀತಾರೆ ಏಳಿ ಅಂತ ಮಕ್ಕಳಿಗೆ ಹೇಳಿದ್ದೆ."