ಫಾರಮಿನಲ್ಲಿ ಇಲ್ಲದ ಸಂಬಂಧ

ಪುಣೆಯ ಹಿಂಜವಾಡಿಯ ಫ್ಲ್ಯಾಟುಗಳಲ್ಲಿ ಅಡುಗೆ ಮಾಡುತ್ತಿದ್ದ ಬೈಲಹೊಂಗಲದ ರುದ್ರವ್ವ, ಮಾಡದ ಕಳವಿಗಾಗಿ ಎರಡು ವರ್ಷ ಜೈಲಿನಲ್ಲಿದ್ದಳು. ಕಳೆದುಹೋದ ಸರ ವಾರದೊಳಗೇ ಮಾಲಕಿಯ ಸೋಫಾದ ಸಂದಿಯಲ್ಲಿ ಸಿಕ್ಕಿತ್ತು. ಆ ಸುದ್ದಿ ಹಿಂಜವಾಡಿಯಿಂದ ಕೋರ್ಟು ಮುಟ್ಟಲು ಎರಡು ವರ್ಷ ಹಿಡಿಯಿತು. ಅಲ್ಲಿಯ ಟ್ರಾಫಿಕ್ಕು ಹಾಗಿದೆ.

ಹೆಂಗಸರ ಬರಾಕಿನಲ್ಲಿ ಒಬ್ಬಳು ಮಗ್ಗುಲು ಬದಲಿಸಿದರೆ ಪುಣೆಯ ಆ ತುದಿಯ ಕಾತ್ರಜದವರೆಗೆ ಎಲ್ಲರೂ ಬದಲಿಸಬೇಕು, ಅಷ್ಟು ಇಕ್ಕಟ್ಟು. ಸಾರಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಬೇಳೆಯ ಕಾಳು ಸಿಕ್ಕ ದಿನ ಅದರ ದರ್ಶನಕ್ಕೆ ಸಾಲು ನಿಲ್ಲುತ್ತಿತ್ತು.

ಅಲ್ಲಿಯ ಕೈದಿಗಳಲ್ಲಿ ಕನ್ನಡ ಬಲ್ಲವಳು ಇನ್ನೊಬ್ಬಳೇ, ಧಾರವಾಡದ ಲೀಲಾಕ್ಷಿ. ಗಂಡನ ಸಾವಿನ ಕೇಸು. ಮಗಳು ಭೇಟಿಗೆ ಬರುವುದನ್ನು ನಿಲ್ಲಿಸಿದಾಗ ಅವಳು ಊಟ ಬಿಟ್ಟಳು. ಮೂರನೆಯ ದಿನ ರುದ್ರವ್ವ ತನ್ನ ತಟ್ಟೆಯನ್ನೂ ಸರಿಸಿಟ್ಟಳು.

“ನೀ ಉಣ್ಣೂತನಕಾ ನಾನೂ ಉಣ್ಣಂಗಿಲ್ಲ.”

“ನಿನಗೇನ ಹುಚ್ಚ ಹಿಡದೈತೇನ?”

“ಹುಚ್ಚಲ್ಲ, ಹಸಿವಿ. ಲಗೂ ಬಾಯಿ ತಗಿ. ನಿನ್ನ ಸಲುವಾಗಿ ನಾ ಯಾಕ ಸಾಯ್ಲಿ?”

ಅಂದಿನಿಂದ ಅದೇ ಕಟ್ಟಳೆ: ಮೊದಲ ತುತ್ತು ಒಬ್ಬಳ ಕೈಯಿಂದ ಇನ್ನೊಬ್ಬಳ ಬಾಯಿಗೆ. ಜ್ವರ ಬಂದರೂ ಸರಿ, ಜಗಳವಾದರೂ ಸರಿ. ಹೀಗೆ ಬೈದಾಡಿಕೊಂಡೇ ಇಬ್ಬರೂ ಬದುಕಿದರು.

ಕಳೆದ ಸೋಮವಾರ ರುದ್ರವ್ವನನ್ನು ಬಿಟ್ಟರು. ಶನಿವಾರ ಅವಳು ಭೇಟಿಯ ಕಿಟಕಿಗೆ ಬಂದಳು. ಲೀಲಾಕ್ಷಿ ನಿನಗೇನಾಗಬೇಕು ಎಂದು ಗುಮಾಸ್ತ ಮರಾಠಿಯಲ್ಲಿ ಕೇಳಿದ. ಗೆಳತಿ ಎಂದಳು. ಅವನ ಫಾರಮಿನಲ್ಲಿ ಅತ್ತೆಗೆ ಜಾಗವಿತ್ತು, ಎಂದೂ ಮುಖ ತೋರಿಸದ ಮೈದುನನಿಗೂ ಇತ್ತು. ಗೆಳತಿಗೆ ಇರಲಿಲ್ಲ.

ರುದ್ರವ್ವ ಗೇಟಿನೆದುರು ಫುಟ್‌ಪಾತಿನ ಮೇಲೆ ಕೂತಳು. ಒಳಗಿನ ಕಾವಲಿನ ದುರ್ಗಾ, ಕನ್ನಡ ಬಲ್ಲ ಸೋಲಾಪುರದವಳು, ಡ್ಯೂಟಿಗೆ ಬರುತ್ತ ಗುರುತು ಹಿಡಿದಳು.

“ಏನ ರುದ್ರವ್ವಾ, ನಮ್ಮ ಸಾರಿನ ನೆನಪಾತೇನು?”

“ಲೀಲಾಕ್ಷಿ ಉಣ್ಣಾಕತ್ತಾಳೇನ್ರಿ, ಬಾಯಾರ?”

ದುರ್ಗಾಳ ನಗು ನಿಂತಿತು. “ನೀ ಹೋದಾಗಿಂದ ಬರೇ ನೀರು.”

“ಹಂಗಾರ ಅಕಿಗೆ ಹೇಳ್ರಿ, ರುದ್ರವ್ವ ಹೊರಗ ಉಪಾಸ ಕುಂತಾಳ ಅಂತ. ಅಕಿ ಉಂಡ ಮ್ಯಾಲೇ ಏಳಾಕಿ. ಸತ್ತರ ಹೆಣಾ ಎತ್ತೂ ಕೆಲಸ ನಿಮಗ ಬೀಳತೈತಿ.”

ಊಟದ ಗಂಟೆ ಬಾರಿಸಿ ಎಷ್ಟೋ ಹೊತ್ತಿನ ಮೇಲೆ ದುರ್ಗಾ ಹೊರಬಂದಳು. “ಅರ್ಧಾ ಚಪಾತಿ ತಿಂದ್ಲು. ‘ಆ ಮುದಿಗೂಬಿಗೆ ಮನೀಗಿ ಹೋಗಂತ ಹೇಳ್ರಿ’ ಅಂದ್ಲು.”

ಬೈಗುಳವಂತೂ ಲೀಲಾಕ್ಷಿಯದೇ. ಚಪಾತಿ ನಿಜವೋ ದುರ್ಗಾ ಕಟ್ಟಿದ್ದೋ, ನೋಡಿ ತಿಳಿಯಲು ಗೋಡೆ ಬಿಡಲಿಲ್ಲ. ರುದ್ರವ್ವ ಗಾಡಿಯವನಿಂದ ವಡಾಪಾವ್ ಕೊಂಡು ಅರ್ಧ ತಿಂದು, ಅರ್ಧ ಕಾಗದದಲ್ಲಿ ಸುತ್ತಿದಳು.

“ನಾಳೆ ಪೂರಾ ತಿಂದ್ರ ನಾನೂ ಪೂರಾ ತಿಂತೀನಿ. ಅಷ್ಟ ಹೇಳ್ರಿ ಆ ರಂಡೀಗಿ,” ಎಂದಳು.