ಶಂಕ್ರಮ್ಮ ಹಿಡಿದ ಎಲೆಅಡಿಕೆ

ಶಂಕ್ರಮ್ಮನಿಗೆ ಯಾರಾದರೂ ಬಿಟ್ಟಿ ಚಹಾ ಕೊಡಿಸಿದರೆ ಅವಳು ಮೊದಲು ನೋಡುತ್ತಿದ್ದದ್ದು ಕೊಡಿಸಿದವನ ಮುಖ, ಆಮೇಲೆ ಚಹಾ. "ನನ್ನಿಂದ ಏನ್ ಕೆಲ್ಸ ಆಗ್ಬೇಕಾಗೈತೆ?" ಎಂದು ಕೇಳಿಯೇ ಲೋಟ ಹಿಡಿಯುವಳು. ಚನ್ನಗಿರಿ ಪೇಟೆಯ ನಡುವಿನ ಹಳೇ ಸೊಸೈಟಿ ಸೂಪರ್ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೂತು ವೀಳ್ಯದೆಲೆ ಮಾರುತ್ತಿದ್ದಳು. ಎದುರಿಗೇ ನನ್ನ ಪಾತ್ರೆ ಅಂಗಡಿ. ಗಂಡ ಸತ್ತ ಮೇಲೆ ಆ ಮೆಟ್ಟಿಲೇ ಅವಳನ್ನು ಸಾಕಿದ್ದು. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಸಂತೇಬೆನ್ನೂರಿನ ಕಡೆಯವರೂ ಎಲೆಗೆ ಅಲ್ಲಿಗೇ ಬರುತ್ತಿದ್ದರು.

ಹೋದ ವರ್ಷ ಸುದ್ದಿ ಬಂತು. ಸೂಪರ್ ಮಾರ್ಕೆಟ್ ಕೆಡವಿ ಗಾಜಿನ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ, ಗುತ್ತಿಗೆ ಪರಶುರಾಮ್ ಎಂಬವರದಂತೆ, ಮೆಟ್ಟಿಲ ಮೇಲೆ ಕೂತು ಮಾರುವವರಿಗೆಲ್ಲ ನೆಲಮಾಳಿಗೆಯಲ್ಲಿ ಜಾಗವಂತೆ. ನೆಲಮಾಳಿಗೆಗೆ ಇಳಿದು ಎಲೆ ಕೊಳ್ಳುವ ಪುಣ್ಯಾತ್ಮ ಯಾವನಿದ್ದಾನೆ? ನಾವೆಲ್ಲ ಸೇರಿ ಹೋರಾಟ ಸಮಿತಿ ಮಾಡಿದೆವು. ಪಕ್ಕದ ಕಿರಾಣಿ ಅಂಗಡಿಯ ಬಸವರಾಜ್ ಅಧ್ಯಕ್ಷನಾದ. ಪರಶುರಾಮನ ಕೈಯಿಂದ ಯಾರೂ ಎಲೆಅಡಿಕೆ ಹಿಡಿಯಬಾರದು ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಯಿತು. ನಮ್ಮ ಕಡೆ ಸಹಿಗಿಂತ ಎಲೆಅಡಿಕೆ ದೊಡ್ಡದು. ಹಿಡಿದರೆ ಮಾತು ಕೊಟ್ಟ ಹಾಗೆ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಶಂಕ್ರಮ್ಮ ನನ್ನ ಕಡೆ ಬಾಗಿದಳು. "ಈ ಸೂಪರ್ ಮಾರ್ಕೆಟ್ ನನ್ನ ಗಿರಾಕಿ ತಿಂತು ಅಂತ ಬಸಣ್ಣ ದಿನಾ ಬೈತಿದ್ದ. ಈಗ ಅದಕ್ಕೆ ಹಿಂಗ್ಯಾಕೆ ಅಳ್ತಾನೆ?"

"ನಿನಗೆ ಎಲ್ರ ಮ್ಯಾಲೂ ಅನುಮಾನ, ಬಿಡವ್ವ," ಎಂದೆ.

"ಬೆಳ್ಳಗಿರೋದೆಲ್ಲಾ ಹಾಲಲ್ಲಪ್ಪ."

ಬಸವರಾಜನ ಮಗಳು ಪೂಜಾಳ ಮೇಲೆ ಮಾತ್ರ ಅವಳಿಗೆ ಅನುಮಾನವಿರಲಿಲ್ಲ. ಆ ಹುಡುಗಿ ಶಾಲೆ ಬಿಟ್ಟೊಡನೆ ಬಂದು ಇವಳ ಮಗ್ಗುಲಲ್ಲಿ ಕೂತು ಮಂಡಕ್ಕಿ ತಿನ್ನುತ್ತಾ ಬೆಳೆದವಳು. ಗಂಡು ದಾವಣಗೆರೆಯವನು ಎಂದಷ್ಟೇ ಹೇಳಿ ಬಸವರಾಜ್ ಮಗಳ ನಿಶ್ಚಿತಾರ್ಥಕ್ಕೆ ಎಲೆ ಕೇಳಿದಾಗ, ಶಂಕ್ರಮ್ಮ ಜೀವನದಲ್ಲಿ ಮೊದಲ ಸಲ ಒಂದೂ ಪ್ರಶ್ನೆ ಕೇಳಲಿಲ್ಲ. ಒಳ್ಳೊಳ್ಳೆಯ ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದಳು.

ಮೆಟ್ಟಿಲಿನವರ ಜೊತೆ ನಾನೂ ಕಲ್ಯಾಣ ಮಂಟಪಕ್ಕೆ ಹೋದೆ. ಶಾಸ್ತ್ರ ಮುಗಿದ ಮೇಲೆ ತಟ್ಟೆ ಹಿಡಿದು ಎಲೆಅಡಿಕೆ ಹಂಚಲು ಬಂದ ಗಂಡಿನ ಸೋದರಮಾವ ಯಾರು ಅಂತೀರಿ? ಪರಶುರಾಮ್! ಮಂಗಳಕಾರ್ಯದಲ್ಲಿ ಬೇಡ ಅನ್ನುವುದು ಹೇಗೆ? ಹೂವಿನ ಬೋರಣ್ಣ ಹಿಡಿದ, ಬಾಳೆಹಣ್ಣಿನ ದೊಡ್ಡಕ್ಕ ಹಿಡಿದಳು. ಬಸವರಾಜ್ ಅಡುಗೆಮನೆಯ ಕಡೆ ಮುಖ ತಿರುಗಿಸಿ ಯಾರಿಗೋ ಪಾಯಸದ ವಿಚಾರ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಸಂಬಂಧ ಕೂಡಿದ್ದು ಮೊದಲೋ ಸಮಿತಿ ಕೂಡಿದ್ದು ಮೊದಲೋ, ಇವತ್ತಿಗೂ ನನಗೆ ಗುಮಾನಿ.

ತಟ್ಟೆ ಶಂಕ್ರಮ್ಮನ ಮುಂದೆ ಬಂತು. ಅವಳೇ ಆರಿಸಿದ ಎಲೆ. ಹಿಡಿದರೆ ಮೆಟ್ಟಿಲು ಹೋಯಿತು, ಬೇಡ ಎಂದರೆ ಹುಡುಗಿಗೆ ಅಪಶಕುನ.

"ಮದುಮಗಳ ಕೈಲಿ ಕೊಡಿಸ್ರಿ, ಹಿಡೀತೀನಿ," ಎಂದಳು.

ಪೂಜಾ ಬಂದು ಕೊಟ್ಟಳು. ಶಂಕ್ರಮ್ಮ ಸೆರಗೊಡ್ಡಿ ತೆಗೆದುಕೊಂಡು, "ಚೆನ್ನಾಗಿರವ್ವ," ಎಂದು ಹುಡುಗಿಯ ತಲೆ ಸವರಿದಳು. ಪರಶುರಾಮನ ನಗು ಅರ್ಧಕ್ಕೇ ನಿಂತಿತು.

ಮುಂದಿನ ಸೋಮವಾರ ಸೂಪರ್ ಮಾರ್ಕೆಟ್ಟಿನ ಸುತ್ತ ತಗಡಿನ ಬೇಲಿ ಹಾಕಲು ಆಳುಗಳು ಬಂದರು. ಎಲೆಅಡಿಕೆ ಹಿಡಿದವರು ಗಂಟುಮೂಟೆ ಕಟ್ಟಿದರು. ಶಂಕ್ರಮ್ಮ ಕದಲಲಿಲ್ಲ.

"ನೀವೂ ಎಲೆಅಡಿಕೆ ಹಿಡಿದಿರಲ್ಲಮ್ಮ," ಎಂದ ಪರಶುರಾಮ್.

"ಹಿಡಿದಿದ್ದು ಪೂಜಾನ ಕೈಯಿಂದ ಕಣ್ರೀ. ಅವಳು ಬಂದು ಏಳು ಅನ್ಲಿ, ಏಳ್ತೀನಿ. ನೀವು ಹೇಳಿದ್ರೆ ನಾನ್ಯಾಕೆ ಏಳ್ಲಿ?"

ಸೇರಿದ್ದ ಜನ ಹೋ ಎಂದು ನಕ್ಕರು. ಮುದುಕಿ ಗೆದ್ದಳು ಎಂದು ನಾನೂ ಅಂಗಡಿಯಿಂದಲೇ ಕೂಗಿದೆ. ಆಳುಗಳು ತಗಡು ಒರಗಿಸಿಟ್ಟು ಹೊರಟುಹೋದರು.

ಮರುದಿನ ಬೆಳಿಗ್ಗೆ ಪೂಜಾ ಬಂದಳು, ಒಬ್ಬಳೇ. ಕೈಯಲ್ಲಿ ನಿಶ್ಚಿತಾರ್ಥದ ಹಸಿರು ಬಳೆ, ಅತ್ತು ಅತ್ತು ಊದಿದ ಕಣ್ಣು. ಮೆಟ್ಟಿಲು ಹತ್ತದೆ ಕೆಳಗೇ ನಿಂತಳು.

"ಏಳಜ್ಜಿ," ಎಂದಳು.

ಶಂಕ್ರಮ್ಮ ಗೋಣಿ ಕೊಡವಿ ಮಡಚಿದಳು. ಎಲೆಯ ಬುಟ್ಟಿ ಎತ್ತಿ ತಲೆಗೇರಿಸಿದಳು. ಹುಡುಗಿ ಇನ್ನೇನೋ ಹೇಳಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದಳು.

"ಯಾರು ಕಳಿಸಿದ್ರು ಅಂತ ಮಾತ್ರ ಹೇಳಬ್ಯಾಡವ್ವ."